ಪೀನಟ್ ಬಟರ್ ಕುಕೀ: ಫೋರ್ಕಿನ ಗೆರೆ ಯಾಕೆ ಬೇಕು, ಕಣಕ ಎಲ್ಲಿ ಕೈಕೊಡುತ್ತದೆ

ಅಮೆರಿಕದ ಮನೆಗಳಲ್ಲಿ ಮಾಡುವ ಪೀನಟ್ ಬಟರ್ ಕುಕೀಯನ್ನು ದೂರದಿಂದಲೇ ಗುರುತು ಹಿಡಿಯಬಹುದು. ಮೇಲೆ ಫೋರ್ಕಿನಿಂದ ಅಡ್ಡ ಒಮ್ಮೆ, ಉದ್ದ ಒಮ್ಮೆ ಒತ್ತಿದ ಗೆರೆಗಳಿರುತ್ತವೆ. ಆ ಗೆರೆಗೆ ಒಂದು ಕೆಲಸವಿದೆ. ಪೀನಟ್ ಬಟರ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ, ಉಳಿದರ್ಧ ಶೇಂಗಾದ ನುಣುಪಾದ ಹಿಟ್ಟು. ಅದನ್ನು ಹಾಕಿದರೆ ಜಿಡ್ಡೂ ಹಾಕಿದಂತೆ, ಹಿಟ್ಟೂ ಹಾಕಿದಂತೆ. ಹಾಗಾಗಿ ಈ ಕಣಕ ದಪ್ಪ. ಉಂಡೆ ಮಾಡಿ ಹಾಗೇ ಓವನ್ನಿಗಿಟ್ಟರೆ ಬರೀ ಬೆಣ್ಣೆಯ ಕುಕೀಯಂತೆ ತಾನಾಗಿ ಹರಡುವುದಿಲ್ಲ. ಅಂಚು ಕೆಂಪಾದರೂ ನಡು ಹಸಿಯಾಗಿಯೇ ಉಳಿಯುತ್ತದೆ. ಫೋರ್ಕಿನಿಂದ ಒತ್ತಿ ಚಪ್ಪಟೆ ಮಾಡುವುದು ಅದಕ್ಕೇ.

ಅಲಬಾಮಾದ ಟಸ್ಕಿಗೀಯಲ್ಲಿದ್ದ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1916ರಲ್ಲಿ ರೈತರಿಗಾಗಿ ಶೇಂಗಾದ 105 ಅಡುಗೆಗಳ ಕಿರುಹೊತ್ತಿಗೆ ತಂದರು. ಹತ್ತಿಯೊಂದನ್ನೇ ಬೆಳೆದು ಸೊರಗಿದ್ದ ಹೊಲಗಳಿಗೆ ಶೇಂಗಾ ಬೇಕಿತ್ತು, ಬೆಳೆದ ಶೇಂಗಾವನ್ನು ತಿನ್ನುವವರೂ ಬೇಕಿತ್ತು. ಆ ಹೊತ್ತಿಗೆಯಲ್ಲಿ ಕುಕೀಗಳೂ ಇವೆ, ಆದರೆ ಕುಟ್ಟಿದ ಶೇಂಗಾದವು. ಪೀನಟ್ ಬಟರ್ ಹಾಕಿ ಫೋರ್ಕಿನಿಂದ ಒತ್ತುವ ಕ್ರಮ 1930ರ ದಶಕದ ಆರಂಭದಲ್ಲಿ ಪತ್ರಿಕೆ, ಅಡುಗೆ ಪುಸ್ತಕಗಳಲ್ಲಿ ಅಚ್ಚಾಗತೊಡಗಿತು.

ಬೇಕಾಗುವುದು

25 ಗ್ರಾಂ ತೂಕದ ಸುಮಾರು 25 ಕುಕೀಗಳಿಗೆ: ಉಪ್ಪಿಲ್ಲದ ಬೆಣ್ಣೆ 115 ಗ್ರಾಂ, ಪೀನಟ್ ಬಟರ್ 130 ಗ್ರಾಂ, ಬಿಳಿ ಸಕ್ಕರೆ 90 ಗ್ರಾಂ, ಬ್ರೌನ್ ಶುಗರ್ 100 ಗ್ರಾಂ, ಒಂದು ಮೊಟ್ಟೆ, ಮೈದಾ 160 ಗ್ರಾಂ, ಅಡುಗೆ ಸೋಡಾ ಮುಕ್ಕಾಲು ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ವೆನಿಲಾ ಒಂದು ಟೀ ಚಮಚ. ಮನೆಯಲ್ಲಿ ಉಪ್ಪಿನ ಬೆಣ್ಣೆಯೇ ಇದ್ದರೆ ಉಪ್ಪು ಬೇರೆ ಬೇಡ.

ದಯವಿಟ್ಟು ತಕ್ಕಡಿ ಬಳಸಿ. ಅಮೆರಿಕದ ಪಾಕವಿಧಾನಗಳು ಕಪ್ಪಿನ ಲೆಕ್ಕದಲ್ಲಿರುತ್ತವೆ. ಚಮಚದಿಂದ ಉದುರಿಸಿ ತುಂಬಿದ ಕಪ್ಪಿನಲ್ಲಿ ಸುಮಾರು 125 ಗ್ರಾಂ ಮೈದಾ ಇದ್ದರೆ, ಡಬ್ಬಿಗೇ ಕಪ್ಪು ಅದ್ದಿ ತೆಗೆದಾಗ 150 ದಾಟುತ್ತದೆ. ಪೀನಟ್ ಬಟರ್ ತಾನೇ ಅರ್ಧ ಹಿಟ್ಟಾಗಿರುವಾಗ ಆ ಹೆಚ್ಚಿನ 25 ಗ್ರಾಂ ಸಾಕು, ಕುಕೀ ಮುರಿದರೆ ಮರಳಿನ ಹಾಗೆ ಉದುರುತ್ತದೆ.

ಪೀನಟ್ ಬಟರ್ ಯಾವುದು ಎನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ಅಮೆರಿಕದಲ್ಲಿ ಆ ಹೆಸರಿನ ಲೇಬಲ್ ಹಚ್ಚಲು ಕನಿಷ್ಠ ಶೇ 90ರಷ್ಟು ಶೇಂಗಾ ಇರಬೇಕೆಂಬ ನಿಯಮವಿದೆ. ಉಳಿದ ಪಾಲಿನಲ್ಲಿ ಸಕ್ಕರೆ, ಉಪ್ಪು ಮತ್ತು ಎಣ್ಣೆ ಮೇಲೆ ತೇಲದಂತೆ ಹಿಡಿದಿಡುವ ಗಟ್ಟಿ ಜಿಡ್ಡು. ಆ ಗಟ್ಟಿ ಜಿಡ್ಡು ಇರುವ ‘ಕ್ರೀಮಿ’ ಪೀನಟ್ ಬಟರ್‌ಗೇ ಈ ಅಳತೆ ಹೊಂದುತ್ತದೆ. ಬರೀ ಶೇಂಗಾ ರುಬ್ಬಿದ, ಮೇಲೆ ಎಣ್ಣೆ ನಿಂತ ‘ನ್ಯಾಚುರಲ್’ ಬಾಟಲಿಯದು ಹಾಕಿದರೆ ಎಣ್ಣೆ ಬಿಟ್ಟುಕೊಂಡು ಕೈಗೆಲ್ಲ ಜಿಡ್ಡು ಮೆತ್ತುತ್ತದೆ, ಬೆಂದ ಮೇಲೆ ಪುಡಿಪುಡಿ. ಹುರಿದ ಶೇಂಗಾವನ್ನು ಮಿಕ್ಸಿಯಲ್ಲಿ ರುಬ್ಬಿದ್ದಕ್ಕೂ ಇದೇ ಮಾತು. ಬೇರೆ ದಾರಿ ಇಲ್ಲದಿದ್ದರೆ ತಳದವರೆಗೂ ಚೆನ್ನಾಗಿ ಕಲಕಿ, ಒಂದು ಟೇಬಲ್ ಚಮಚ ಮೈದಾ ಹೆಚ್ಚು ಹಾಕಿ, ಕಣಕವನ್ನು ಎರಡು ಗಂಟೆ ತಣ್ಣಗಿಡಿ.

ಬ್ರೌನ್ ಶುಗರ್ ಬರೀ ಬಣ್ಣಕ್ಕೆ ಅಂದುಕೊಳ್ಳಬೇಡಿ. ಅದರ ಕಾಕಂಬಿಯ ಹುಳಿ ಸೋಡಾವನ್ನು ಎಬ್ಬಿಸುತ್ತದೆ, ತೇವ ಹಿಡಿದಿಟ್ಟು ನಡುವನ್ನು ಮೆತ್ತಗಿಡುತ್ತದೆ. ಸಿಗದಿದ್ದರೆ ಜರಡಿ ಹಿಡಿದ ಬೆಲ್ಲದ ಪುಡಿ ನಡೆಯುತ್ತದೆ. ಪರಿಮಳ ಶೇಂಗಾ ಹೋಳಿಗೆಯ ಕಡೆ ವಾಲುತ್ತದೆ, ಅದೂ ಸೊಗಸೇ.

ಕಲಸುವುದು

ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಬೆರಳೊತ್ತಿದರೆ ಕುಳಿ ಬೀಳಬೇಕು, ಆದರೆ ಮೇಲ್ಮೈ ಎಣ್ಣೆಯಾಗಿ ಹೊಳೆಯಬಾರದು. ಕರಾವಳಿಯಲ್ಲೋ ಬೇಸಿಗೆಯ ಕಲಬುರಗಿಯಲ್ಲೋ ಫ್ರಿಜ್ಜಿನಿಂದ ತೆಗೆದ ಬೆಣ್ಣೆಗೆ ಹತ್ತು ನಿಮಿಷವೇ ಸಾಕು.

ಬೆಣ್ಣೆ, ಎರಡೂ ಸಕ್ಕರೆಯನ್ನು ಎರಡು ಮೂರು ನಿಮಿಷ ಬೀಟ್ ಮಾಡಿ. ಬಣ್ಣ ತುಸು ತಿಳಿಯಾದ ಮೇಲೆ ಪೀನಟ್ ಬಟರ್, ನಂತರ ಮೊಟ್ಟೆ ಮತ್ತು ವೆನಿಲಾ ಸೇರಿಸಿ. ಮೊಟ್ಟೆ ಫ್ರಿಜ್ಜಿನ ತಣ್ಣನೆಯದಾದರೆ ಮಿಶ್ರಣ ಒಡೆದು ಗಂಟುಗಂಟಾಗುತ್ತದೆ. ಮೈದಾ, ಸೋಡಾ, ಉಪ್ಪನ್ನು ಒಟ್ಟಿಗೆ ಜರಡಿ ಹಿಡಿದು ಹಾಕಿ. ಬೀಟರ್ ಬದಿಗಿಟ್ಟು ಸೌಟಿನಿಂದ ಕಲಸಿ. ಒಣ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಿ. ಚಪಾತಿಗೆ ನಾದಿದ ಹಾಗೆ ನಾದಿದರೆ ಕುಕೀ ಬಿರುಸಾಗುತ್ತದೆ.

ಮುಚ್ಚಿ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಜಿಡ್ಡು ಗಟ್ಟಿಯಾಗುತ್ತದೆ, ಮೈದಾ ತೇವ ಹೀರಿಕೊಳ್ಳುತ್ತದೆ. ನಮ್ಮ ಹವೆಯಲ್ಲಿ ಈ ಹಂತ ಬಿಟ್ಟರೆ ದಪ್ಪ ಕಣಕವೂ ಸೋತು ಹಪ್ಪಳವಾಗುತ್ತದೆ.

ಗೆರೆ ಮತ್ತು ಬೇಯಿಸುವುದು

ಒಟಿಜಿಯನ್ನು, ಅಂದರೆ ಮನೆಯ ಸಣ್ಣ ಕರೆಂಟ್ ಓವನ್ನನ್ನು, 180 ಡಿಗ್ರಿ ಸೆಲ್ಸಿಯಸ್‌ಗೆ, ಮೇಲಿನ ಕೆಳಗಿನ ಎರಡೂ ರಾಡ್ ಹಾಕಿ, 15 ನಿಮಿಷ ಮೊದಲೇ ಕಾಯಿಸಿ. ಫ್ಯಾನ್ ತಿರುಗುವ ಕನ್ವೆಕ್ಷನ್ ಆದರೆ 165ರಿಂದ 170. ಬರೀ ಮೈಕ್ರೋವೇವ್ ಮೋಡ್‌ನಲ್ಲಿ ಇದು ಆಗುವುದಿಲ್ಲ.

ದೊಡ್ಡ ನಿಂಬೆಗಿಂತ ತುಸು ಚಿಕ್ಕ ಉಂಡೆ ಮಾಡಿ, ಬೇಕಿಂಗ್ ಪೇಪರ್ ಹಾಸಿದ ಟ್ರೇಯಲ್ಲಿ ಎರಡು ಬೆರಳು ಅಂತರ ಬಿಟ್ಟು ಇಡಿ. ಫೋರ್ಕನ್ನು ಸಕ್ಕರೆಯಲ್ಲಿ ಅದ್ದಿ, ಅದು ಅಂಟದಿರಲಿ ಎಂದು. ಹಲ್ಲುಗಳನ್ನು ಮಲಗಿಸಿ ನೇರ ಕೆಳಕ್ಕೆ ಒತ್ತಿ, ಮೆಲ್ಲಗೆ ಎತ್ತಿ, ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ ಒತ್ತಿ. ದಪ್ಪ ಒಂದು ಸೆಂಟಿಮೀಟರ್ ಉಳಿಯಲಿ. ಅಂಚಿನಲ್ಲಿ ಸಣ್ಣ ಬಿರುಕು ಬಂದರೆ ಸರಿ. ಕುಕೀ ಇಬ್ಭಾಗವಾಗುವಂತೆ ಸೀಳಿದರೆ ಕಣಕ ತೀರಾ ತಣ್ಣಗಿದೆ ಅಥವಾ ಮೈದಾ ಹೆಚ್ಚಾಗಿದೆ. ಐದು ನಿಮಿಷ ಹೊರಗಿಟ್ಟು ನೋಡಿ. ಆಗಲೂ ಸೀಳಿದರೆ ಒಂದು ಟೀ ಚಮಚ ಹಾಲು ಬೆರೆಸಿ.

ಮೊದಲು ಒಂದೇ ಒಂದು ಕುಕೀ ಬೇಯಿಸಿ ನೋಡುವುದು ಒಳ್ಳೆಯದು. ಪ್ರತಿ ಒಟಿಜಿಯ ಸ್ವಭಾವ ಬೇರೆ. ಓವನ್ನಿನ ನಡುವಿನ ಅಂತಸ್ತಿನಲ್ಲಿ 10ರಿಂದ 12 ನಿಮಿಷ ಬೇಕು. ಗೆರೆಗಳ ಏಣು ಹೊಂಬಣ್ಣಕ್ಕೆ ತಿರುಗಿ, ಗೆರೆಯ ತಗ್ಗು ಇನ್ನೂ ತೆಳುಹಳದಿಯಾಗಿ, ಮುಟ್ಟಿದರೆ ಮೆತ್ತಗಿರುವಾಗಲೇ ಹೊರತೆಗೆಯಿರಿ. ಬೆಂದಿಲ್ಲವೇನೋ ಎಂಬ ಅನುಮಾನ ಬರುವ ಗಳಿಗೆ ಅದು. ಬಿಸಿ ಟ್ರೇ ಉಳಿದ ಕೆಲಸ ಮುಗಿಸುತ್ತದೆ. ಓವನ್ನಿನಲ್ಲೇ ಗಟ್ಟಿಯಾಗಲಿ ಎಂದು ಕಾದರೆ ಆರಿದ ಮೇಲೆ ಕಲ್ಲು. ಐದು ನಿಮಿಷ ಟ್ರೇಯಲ್ಲೇ ಬಿಡಿ, ಬಿಸಿಯಲ್ಲಿ ಎತ್ತಿದರೆ ಮುರಿಯುತ್ತದೆ. ಆಮೇಲೆ ಜಾಲರಿಗೆ. ತಳ ಮಾತ್ರ ಕಪ್ಪಾದರೆ ತಪ್ಪು ಕಪ್ಪು ಬಣ್ಣದ ತೆಳು ಟ್ರೇಯದು. ಅದರಡಿ ಇನ್ನೊಂದು ಟ್ರೇ ಇಡಿ. ನಾಲಿಗೆಗೆ ಸೋಪಿನ ಒಗರು ಹತ್ತಿದರೆ ಸೋಡಾ ಹೆಚ್ಚಾಗಿದೆ.

ಮೊಟ್ಟೆ ತಿನ್ನದವರು ಅದರ ಬದಲು ಮೂರು ಟೇಬಲ್ ಚಮಚ ಗಟ್ಟಿ ಮೊಸರು ಹಾಕಬಹುದು. ಹಿಡಿತ ಕಡಿಮೆ, ಒಂದು ನಿಮಿಷ ಹೆಚ್ಚು ಬೇಯಿಸಿ. ಗೋಧಿ ಒಗ್ಗದವರಿಗೆ ಅಮೆರಿಕದಲ್ಲಿ ಇನ್ನೊಂದು ರೂಢಿಯಿದೆ: 250 ಗ್ರಾಂ ಪೀನಟ್ ಬಟರ್, 200 ಗ್ರಾಂ ಸಕ್ಕರೆ, ಒಂದು ಮೊಟ್ಟೆ, ಅಷ್ಟೇ. ಹಿಟ್ಟಿನ ಕೆಲಸವನ್ನು ಶೇಂಗಾವೇ ಮಾಡುತ್ತದೆ.

ಮಕ್ಕಳ ಡಬ್ಬಿಗೆ ಹಾಕುವ ಮೊದಲು, ನೆರೆಯವರಿಗೆ ಕೊಡುವ ಮೊದಲು ಶೇಂಗಾ ಅಲರ್ಜಿ ಇದೆಯೇ ಎಂದು ಕೇಳಲೇಬೇಕು. ಕೆಲವರಿಗೆ ಒಂದು ತುಣುಕೂ ಪ್ರಾಣಾಪಾಯ ತರಬಲ್ಲದು.

ಗಾಳಿಯಾಡದ ಡಬ್ಬಿಯಲ್ಲಿ ಕುಕೀ ಐದಾರು ದಿನ ಚೆನ್ನಾಗಿರುತ್ತದೆ. ಕಣಕ ಫ್ರೀಜರ್‌ನಲ್ಲಿ ಮೂರು ತಿಂಗಳು ಕೆಡುವುದಿಲ್ಲ; ಹಾಗೇ ತೆಗೆದು ಒಂದೆರಡು ನಿಮಿಷ ಹೆಚ್ಚು ಬೇಯಿಸಿದರಾಯಿತು. ಆದರೆ ಗೆರೆ ಒತ್ತಿಯೇ ಒಳಗಿಡಿ, ಹೆಪ್ಪುಗಟ್ಟಿದ ಉಂಡೆಗೆ ಫೋರ್ಕ್ ಇಳಿಯುವುದಿಲ್ಲ.