ಭಾಷಣದ ಮರುದಿನ ಆಫೀಸಿಗೆ ಹೋಗುವ ಹೊಸಬರಿಗೆ

ನಾಲ್ಕು ವರ್ಷಕ್ಕೊಮ್ಮೆ, ಬೇಸಿಗೆ ರಜೆಯ ಹೊತ್ತಿಗೆ, ಅಮೆರಿಕದ ಎರಡು ದೊಡ್ಡ ಪಕ್ಷಗಳ ಸಮಾವೇಶ ನಡೆಯುತ್ತದೆ. ಸಾಮಾನ್ಯವಾಗಿ ಸೋಮವಾರ ಶುರುವಾಗಿ ಗುರುವಾರ ಮುಗಿಯುತ್ತದೆ. ಕೊನೆಯ ರಾತ್ರಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ವೇದಿಕೆಗೆ ಬಂದು, ನೀವು ಕೊಟ್ಟ ನಾಮನಿರ್ದೇಶನವನ್ನು ಒಪ್ಪಿಕೊಂಡಿದ್ದೇನೆ ಅನ್ನುತ್ತಾರೆ. ಮೇಲಿನಿಂದ ಬಲೂನುಗಳು ಸುರಿಯುತ್ತವೆ. ಶುಕ್ರವಾರ ಬೆಳಿಗ್ಗೆ ಆಫೀಸಿನ ಕಾಫಿ ಮೆಷಿನ್ ಹತ್ತಿರ, ಮಕ್ಕಳ ಈಜು ಕ್ಲಾಸಿನ ಬೆಂಚಿನ ಮೇಲೆ, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎಲ್ಲಾ ಕಡೆ ಅದೇ ಮಾತು. ಹೊಸದಾಗಿ ಬಂದವರಿಗೆ ಆ ಶುಕ್ರವಾರ ಸ್ವಲ್ಪ ಗಲಿಬಿಲಿ. ಯಾರು ಏನು ಹೇಳುತ್ತಿದ್ದಾರೆ, ನಾವು ಏನು ಹೇಳಬೇಕು, ಹೇಳಬಹುದಾ ಬೇಡವಾ? ಮುಂದಿನದು 2028ರಲ್ಲಿ ಬರುತ್ತದೆ. ಈಗಲೇ ತಿಳಿದಿದ್ದರೆ ಒಳ್ಳೆಯದು.

ಊರಲ್ಲಿ ಇಂಥದ್ದು ಇಲ್ಲ. ಹೈಕಮಾಂಡ್ ಟಿಕೆಟ್ ಕೊಡುತ್ತದೆ, ಬಿ ಫಾರಂ ಕೈಗೆ ಬರುತ್ತದೆ, ತೆರೆದ ಜೀಪಿನಲ್ಲಿ ಮೆರವಣಿಗೆ ಹೋಗಿ ನಾಮಪತ್ರ ಸಲ್ಲಿಸುತ್ತಾರೆ. ಇಲ್ಲಿ ಅಭ್ಯರ್ಥಿ ಯಾರು ಅನ್ನುವುದು ಎಷ್ಟೋ ಮುಂಚೆ ರಾಜ್ಯಗಳ ಪ್ರೈಮರಿಯಲ್ಲೇ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲೇ, ತೀರ್ಮಾನವಾಗಿರುತ್ತದೆ. 2024ರ ಜುಲೈ 21ರಂದು ಬೈಡನ್ ಹಿಂದೆ ಸರಿದಾಗ ಲೆಕ್ಕ ಬದಲಾಯಿತು ನಿಜ. ಆದರೂ ಕಮಲಾ ಹ್ಯಾರಿಸ್ ಅವರ ಆಯ್ಕೆ ಆಗಸ್ಟ್ ಮೊದಲ ವಾರದಲ್ಲೇ ಆನ್‌ಲೈನ್ ಮತದಾನದಲ್ಲಿ ಮುಗಿದಿತ್ತು, ಸಮಾವೇಶ ನಡೆದದ್ದು ಆಮೇಲೆ. ಹಾಗಾಗಿ ಆ ರಾತ್ರಿ ಬಯಲಾಗುವ ಗುಟ್ಟು ಏನೂ ಇರುವುದಿಲ್ಲ. ಹಳೆಯ ಕಾಲದಲ್ಲಂತೂ ಅಭ್ಯರ್ಥಿ ಸಮಾವೇಶಕ್ಕೇ ಬರುತ್ತಿರಲಿಲ್ಲ. ಪಕ್ಷದ ಸಮಿತಿ ಕೆಲವು ವಾರಗಳ ನಂತರ ಅವರ ಊರಿಗೆ ಹೋಗಿ, ನಿಮ್ಮನ್ನು ಆರಿಸಿದ್ದೇವೆ ಅಂತ ತಿಳಿಸುವ ಶಾಸ್ತ್ರ ಇತ್ತು. ಅಭ್ಯರ್ಥಿ ಈಗ ತಾನೇ ಕೇಳಿದವರ ಹಾಗೆ ಒಪ್ಪಿಗೆ ಕೊಡಬೇಕಿತ್ತು! 1932ರಲ್ಲಿ ಫ್ರಾಂಕ್ಲಿನ್ ರೂಸ್ವೆಲ್ಟ್ ವಿಮಾನ ಹತ್ತಿ ಚಿಕಾಗೋ ಸಮಾವೇಶಕ್ಕೆ ತಾವೇ ಬಂದು ಭಾಷಣ ಮಾಡಿ ಆ ನಾಟಕವನ್ನು ಮುರಿದರು. ಅಲ್ಲಿಂದ ಇಲ್ಲಿಯವರೆಗೆ ಈ ಭಾಷಣವೇ ಸಮಾವೇಶದ ಮುಖ್ಯ ಕಾರ್ಯಕ್ರಮ.

ನಾನಿರುವುದು ಚಿಕಾಗೋ ಪಕ್ಕದ ಉಪನಗರದಲ್ಲಿ. 2024ರಲ್ಲಿ ಎರಡೂ ಸಮಾವೇಶ ನಮ್ಮ ಸುತ್ತಲೇ ನಡೆದವು. ರಿಪಬ್ಲಿಕನ್ನರದು ಮಿಲ್ವಾಕೀಯಲ್ಲಿ, ಡೆಮಾಕ್ರಟರದು ಚಿಕಾಗೋದಲ್ಲಿ. ಮಧ್ಯೆ ಸುಮಾರು 90 ಮೈಲಿ. ಹೊಸಬರಿಗೆ ತೋರಿಸಲು ಇವೆರಡಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಜುಲೈ 18ರ ರಾತ್ರಿ ಟ್ರಂಪ್ ಮಾತಾಡಿದರು. ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಅವರ ಮೇಲೆ ಗುಂಡು ಹಾರಿ ಇನ್ನೂ ಒಂದು ವಾರವೂ ಆಗಿರಲಿಲ್ಲ. ಕಿವಿಗೆ ಬಿಳಿ ಪಟ್ಟಿ. ಸಭೆಯಲ್ಲಿ ಕೆಲವರು ತಮ್ಮ ಕಿವಿಗೂ ಅಂಥದ್ದೇ ಪಟ್ಟಿ ಹಚ್ಚಿಕೊಂಡು ಕೂತಿದ್ದರು. ಮೊದಲ ಭಾಗದಲ್ಲಿ ಅವರು ತಗ್ಗಿದ ದನಿಯಲ್ಲಿ ಆ ಘಟನೆಯನ್ನು ಹೇಳಿದರು. ಅಂದು ಸತ್ತ ಅಗ್ನಿಶಾಮಕ ದಳದವರ ಹೆಲ್ಮೆಟ್ಟನ್ನು ವೇದಿಕೆಯ ಮೇಲೇ ಇಟ್ಟಿದ್ದರು, ಅದಕ್ಕೆ ಮುತ್ತು ಕೊಟ್ಟರು. ಆಮೇಲೆ ಬರೆದುಕೊಂಡು ಬಂದದ್ದನ್ನು ಬಿಟ್ಟು ಎಲ್ಲೆಲ್ಲಿಗೋ ಹೋದರು. ಒಟ್ಟು ಒಂದೂವರೆ ಗಂಟೆ ದಾಟಿತು. ಟಿವಿ ಕಾಲದ ಒಪ್ಪಿಗೆ ಭಾಷಣಗಳಲ್ಲಿ ಅದೇ ಅತಿ ಉದ್ದದ್ದು.

ಮರುದಿನ ನಾನು ಕೇಳಿದ್ದು ಎರಡು ಬೇರೆ ಬೇರೆ ಭಾಷಣಗಳ ವರ್ಣನೆ. ಟ್ರಂಪ್ ಪರ ಇದ್ದವರು ಹೆಲ್ಮೆಟ್ಟಿನ ಬಗ್ಗೆ, ದೇವರು ಉಳಿಸಿದ ಅನ್ನುವುದರ ಬಗ್ಗೆ ಮಾತಾಡಿದರು. ವಿರೋಧ ಇದ್ದವರು ಉದ್ದದ ಬಗ್ಗೆ, ವಲಸೆ ಬಂದವರನ್ನು ಬೈದದ್ದರ ಬಗ್ಗೆ ಮಾತಾಡಿದರು. ಮೊದಲ ಅರ್ಧ ಗಂಟೆ ನೋಡಿ ಮಲಗಿದವರು, ಮನುಷ್ಯ ಮೆತ್ತಗಾಗಿದ್ದಾನೆ ಅಂದರು. ಕೊನೆವರೆಗೆ ಕೂತವರು, ಏನೂ ಬದಲಾಗಿಲ್ಲ ಅಂದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ.

ಆಗಸ್ಟ್ 22ರಂದು ಯುನೈಟೆಡ್ ಸೆಂಟರಿನಲ್ಲಿ ಕಮಲಾ ಹ್ಯಾರಿಸ್ ಸರದಿ. ಅವರದು 40 ನಿಮಿಷವೂ ಆಗಲಿಲ್ಲ. 19ನೇ ವಯಸ್ಸಿನಲ್ಲಿ ಒಬ್ಬಳೇ ಭಾರತದಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ಅಮ್ಮ ಶ್ಯಾಮಲಾ ಅವರ ಕಥೆ ಹೇಳಿದರು. ಗಾಜಾ ವಿಷಯಕ್ಕೆ ಬಂದಾಗ ಇಸ್ರೇಲಿನ ರಕ್ಷಣೆಯ ಮಾತೂ ಇತ್ತು, ಪ್ಯಾಲೆಸ್ತೀನಿಯರ ಸಂಕಟದ ಮಾತೂ ಇತ್ತು. ಎರಡಕ್ಕೂ ಸಭೆಯಲ್ಲಿ ಚಪ್ಪಾಳೆ ಬಿತ್ತು. ಆದರೆ ಒಬ್ಬ ಪ್ಯಾಲೆಸ್ತೀನಿ ಅಮೆರಿಕನ್ನರಿಗೆ ವೇದಿಕೆಯಲ್ಲಿ ಮಾತಾಡಲು ಅವಕಾಶ ಕೊಡಿ ಅಂತ ಕೇಳಿ ಹೊರಗೆ ಕೂತಿದ್ದ ಪ್ರತಿನಿಧಿಗಳಿಗೆ ಅದು ಸಿಗಲೇ ಇಲ್ಲ. ಮೆಚ್ಚಿದವರು, ಅಧ್ಯಕ್ಷೆಯ ಹಾಗೇ ಕಂಡರು ಅಂದರು. ಮೆಚ್ಚದವರು, ಮಾಡುವುದೇನು ಅಂತ ಬಿಡಿಸಿ ಹೇಳಲಿಲ್ಲ ಅಂದರು. ಇನ್ನು ಕೆಲವರಿಗೆ ಬೇಸರ ಬೇರೆಯೇ. ಗಾಯಕಿ ಬಿಯಾನ್ಸೆ ಬರುತ್ತಾರೆ ಅಂತ ಸುದ್ದಿ ಹಬ್ಬಿತ್ತು, ಬರಲಿಲ್ಲ!

ಇನ್ನು ನಮ್ಮವರು. ಕಮಲಾ ತಾಯಿಯ ಕಡೆ ತಮಿಳರು. ತಾತನ ಊರು ತಮಿಳುನಾಡಿನ ತುಳಸೇಂದ್ರಪುರಂ. ಹಾಗಾಗಿ ಕನ್ನಡದ ಗುಂಪುಗಳಲ್ಲಿ ಅರ್ಧ ಜನರಿಗೆ ಹೆಮ್ಮೆ, ಇನ್ನರ್ಧ ಜನರಿಗೆ "ಅವರು ನಮ್ಮವರು ಅಂತ ಯಾವಾಗ ಹೇಳಿಕೊಂಡರು?" ಅನ್ನುವ ತಕರಾರು. ಅದಕ್ಕೆ ಒಂದು ತಿಂಗಳ ಮುಂಚೆ ಮಿಲ್ವಾಕೀಯಲ್ಲಿ ಆಂಧ್ರ ಮೂಲದ ಉಷಾ ವಾನ್ಸ್ ತಮ್ಮ ಗಂಡ, ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಜೆ.ಡಿ. ವಾನ್ಸ್ ಅವರನ್ನು ಪರಿಚಯಿಸಿದ್ದರು. ನನ್ನ ಸಸ್ಯಾಹಾರಕ್ಕೆ ಹೊಂದಿಕೊಂಡು, ನನ್ನ ಅಮ್ಮನಿಂದ ಅಡುಗೆ ಕಲಿತರು ಅಂದಿದ್ದರು. ಆ ಒಂದು ವಾಕ್ಯಕ್ಕೆ ನಮ್ಮ ಆಂಟಿಯರಲ್ಲಿ ಸಿಕ್ಕ ಮೆಚ್ಚುಗೆ ಜೆ.ಡಿ. ವಾನ್ಸ್ ಅವರ ಇಡೀ ಭಾಷಣಕ್ಕೆ ಸಿಗಲಿಲ್ಲ. ಅದೇ ಸಮಾವೇಶದ ಮೊದಲ ರಾತ್ರಿ ಪಕ್ಷದ ನಾಯಕಿ ಹರ್ಮೀತ್ ಧಿಲ್ಲೋನ್ ಸಿಖ್ ಪ್ರಾರ್ಥನೆ ಹೇಳಿದ್ದಕ್ಕೆ ಆನ್‌ಲೈನಿನಲ್ಲಿ ಸ್ವಂತ ಪಕ್ಷದ ಕಡೆಯವರಿಂದಲೇ ಬೈಗುಳ ಬಂತು. ಇವೆರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಿ. ಒಂದು ಪಕ್ಷ ನಮ್ಮವರಿಗೆ ಪೂರ್ತಿ ಬಾಗಿಲು ತೆರೆದಿದೆ, ಇನ್ನೊಂದು ಪೂರ್ತಿ ಮುಚ್ಚಿದೆ ಅಂತ ಯಾರಾದರೂ ಹೇಳಿದರೆ ಅಷ್ಟು ಸುಲಭವಾಗಿ ನಂಬಬೇಡಿ.

ಸಭಾಂಗಣದ ಚಪ್ಪಾಳೆಯನ್ನು ಲೆಕ್ಕಕ್ಕೇ ಇಡಬೇಡಿ. ಒಳಗೆ ಇರುವವರೆಲ್ಲಾ ಪಕ್ಷದವರು. ಗಂಡಿನ ಕಡೆಯವರನ್ನೇ ನಿಲ್ಲಿಸಿ ಹುಡುಗ ಹೇಗೆ ಅಂತ ವಿಚಾರಿಸಿದ ಹಾಗೆ ಅದು. ಭಾಷಣ ಮುಗಿದ ಕೂಡಲೇ ಟಿವಿಯವರು ತೋರಿಸುವ ಸಮೀಕ್ಷೆಯೂ ಹೆಚ್ಚುಕಮ್ಮಿ ಹಾಗೇ. ಕೂತು ಕೇಳಿದವರಲ್ಲಿ ಅಭ್ಯರ್ಥಿಯ ಪರ ಇದ್ದವರೇ ಜಾಸ್ತಿ. ವೀಕ್ಷಕರ ಸಂಖ್ಯೆಯೂ ಭವಿಷ್ಯ ಹೇಳುವುದಿಲ್ಲ. ಟಿವಿ ವೀಕ್ಷಕರನ್ನು ಎಣಿಸುವ ನೀಲ್ಸನ್ ಕಂಪನಿಯ ಲೆಕ್ಕದಲ್ಲಿ ಟ್ರಂಪ್ ಭಾಷಣಕ್ಕಿಂತ ಹ್ಯಾರಿಸ್ ಅವರದನ್ನು ನೋಡಿದವರೇ ಜಾಸ್ತಿ. ನವೆಂಬರ್‌ನಲ್ಲಿ ಗೆದ್ದವರು ಟ್ರಂಪ್.

ಹಳೆಯ ಕಥೆಗಳೂ ಇದನ್ನೇ ಹೇಳುತ್ತವೆ. 1988ರಲ್ಲಿ ಡೆಮಾಕ್ರಟ್ ಅಭ್ಯರ್ಥಿ ಡುಕಾಕಿಸ್ ಸಮಾವೇಶ ಮುಗಿಸಿಕೊಂಡು ಬಂದಾಗ ಗ್ಯಾಲಪ್ ಸಮೀಕ್ಷೆಯಲ್ಲಿ 17 ಅಂಶ ಮುಂದಿದ್ದರು, ಸೋತರು. 2012ರಲ್ಲಿ ಟ್ಯಾಂಪಾದಲ್ಲಿ ರಿಪಬ್ಲಿಕನ್ ಅಭ್ಯರ್ಥಿ ರಾಮ್ನಿ ಭಾಷಣ ಚೆನ್ನಾಗಿಯೇ ಇತ್ತು. ಆದರೆ ಅದಕ್ಕೆ ಸ್ವಲ್ಪ ಮುಂಚೆ ನಟ ಕ್ಲಿಂಟ್ ಈಸ್ಟ್‌ವುಡ್ ಒಂದು ಖಾಲಿ ಕುರ್ಚಿಯಲ್ಲಿ ಒಬಾಮ ಕೂತಿದ್ದಾರೆ ಅಂದುಕೊಂಡು ಅದರ ಜೊತೆ ಮಾತಾಡಿದರು. ಮರುದಿನ ಎಲ್ಲರ ಬಾಯಲ್ಲೂ ಕುರ್ಚಿ, ರಾಮ್ನಿ ಅಲ್ಲ.

ಕೆಲವು ಮಾತು ಮಾತ್ರ ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ. 1984ರಲ್ಲಿ ಅಧ್ಯಕ್ಷ ರೇಗನ್ ಎದುರು ನಿಂತ ಡೆಮಾಕ್ರಟ್ ಮಾಂಡೇಲ್, "ರೇಗನ್ ತೆರಿಗೆ ಏರಿಸುತ್ತಾರೆ, ನಾನೂ ಏರಿಸುತ್ತೇನೆ, ಅವರು ನಿಮಗೆ ಹೇಳುವುದಿಲ್ಲ, ನಾನು ಈಗ ಹೇಳಿದೆ" ಅಂದರು. ಆ ರಾತ್ರಿ ಪ್ರಾಮಾಣಿಕತೆಗೆ ಮೆಚ್ಚುಗೆ ಸಿಕ್ಕಿತು. ಚುನಾವಣೆಯಲ್ಲಿ 50 ರಾಜ್ಯಗಳಲ್ಲಿ 49 ಕೈ ಬಿಟ್ಟವು. 1988ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹಿರಿಯ ಬುಷ್, ನನ್ನ ತುಟಿ ನೋಡಿ ಓದಿಕೊಳ್ಳಿ, ಹೊಸ ತೆರಿಗೆ ಇಲ್ಲ ಅಂದರು. ಸಭೆ ಎದ್ದು ಕುಣಿಯಿತು. 1990ರಲ್ಲಿ ಬಜೆಟ್ ಒಪ್ಪಂದಕ್ಕಾಗಿ ತೆರಿಗೆ ಏರಿಸಲು ಒಪ್ಪಬೇಕಾಯಿತು. 1992ರ ಚುನಾವಣೆಯಲ್ಲಿ ವಿರೋಧಿಗಳು ಅದೇ ಮಾತನ್ನು ಮತ್ತೆ ಮತ್ತೆ ಕೇಳಿಸಿದರು. ಇಲ್ಲಿನ ಹಿರಿಯ ಸಹೋದ್ಯೋಗಿಗಳು ಇಂಥ ಸಾಲುಗಳನ್ನು ನಮ್ಮವರು ಡಾಯಲಾಗ್ ಹೇಳಿದಂತೆ ಹೇಳುತ್ತಾರೆ. ಸುಮ್ನೆ ನಕ್ಕು ಬಿಡುವ ಬದಲು ಎಲ್ಲಿಂದ ಬಂತು ಅಂತ ಕೇಳಿ, ಖುಷಿಯಿಂದ ಹೇಳುತ್ತಾರೆ.

ಈಗ ನಿಮ್ಮ ಕೆಲಸ. ಮೊದಲು ಭಾಷಣವನ್ನು ಸಿ-ಸ್ಪ್ಯಾನ್ ಚಾನೆಲ್‌ನಲ್ಲಿ ನೋಡಿ. ಅಲ್ಲಿ ಮಧ್ಯೆ ಬಾಯಿ ಹಾಕುವವರು ಇಲ್ಲ. ಪೂರ್ವ ಕರಾವಳಿಯಲ್ಲಿ ರಾತ್ರಿ 10ರ ಆಸುಪಾಸಿಗೆ ಶುರು, ನಮ್ಮಲ್ಲಿ 9, ಕ್ಯಾಲಿಫೋರ್ನಿಯಾದವರಿಗೆ ಊಟದ ಹೊತ್ತು. ಆಮೇಲೆ ಒಂದೊಂದು ಕಡೆಗೆ ವಾಲುವ ಎರಡು ಚಾನೆಲ್ ತಿರುಗಿಸಿ. ಮರುದಿನ ಸಂಖ್ಯೆ, ಹೇಳಿಕೆಗಳು ಎಷ್ಟು ನಿಜ ಅಂತ ಪತ್ರಿಕೆಗಳು ಪರಿಶೀಲಿಸಿ ಹಾಕುತ್ತವೆ, ಅದನ್ನು ಓದಿ. ಊರಿನ ಕನ್ನಡ ಚಾನೆಲ್‌ಗಳಲ್ಲಿ ಬರುವ ತುಣುಕು ನೋಡಿ ಅಭಿಪ್ರಾಯ ಕಟ್ಟಿಕೊಳ್ಳಬೇಡಿ. ಅವರಿಗೆ ಭಾರತದ ಹೆಸರು ಬಂದ ಅರ್ಧ ನಿಮಿಷ ಸಾಕು.

ಆಫೀಸಿನಲ್ಲಿ "ನಿನ್ನೆ ನೋಡಿದ್ರಾ?" ಅಂತ ಯಾರಾದರೂ ಕೇಳಿದರೆ ಅವರು ನಿಮ್ಮ ಪಕ್ಷ ಕೇಳುತ್ತಿಲ್ಲ. ನೋಡಿದೆ, ಅಮ್ಮನ ಬಗ್ಗೆ ಹೇಳಿದ್ದು ಹಿಡಿಸಿತು, ಅಥವಾ ಉದ್ದ ಆಯ್ತು ಅಂದರೆ ಸಾಕು. ಯಾರಿಗೆ ಮತ ಹಾಕುತ್ತೀರಿ ಅಂತ ನೀವು ತಿರುಗಿ ಕೇಳಬೇಡಿ. ಊರಲ್ಲಿ ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನೂ ಕೇಳುತ್ತೇವೆ, ಇಲ್ಲಿ ಅದು ಸಂಬಳ ಕೇಳಿದಷ್ಟೇ ಮುಜುಗರ. ವಾಕ್ ಸ್ವಾತಂತ್ರ್ಯದ ಹಕ್ಕು ನಿಮ್ಮನ್ನು ಕಾಪಾಡುವುದು ಸರ್ಕಾರದಿಂದ, ಖಾಸಗಿ ಕಂಪನಿಯ ಮ್ಯಾನೇಜರಿಂದ ಅಲ್ಲ ಅನ್ನುವುದೂ ಗೊತ್ತಿರಲಿ. ವೀಸಾ ಕೆಲಸದ ಮೇಲೆಯೇ ನಿಂತಿರುವವರು ಚಾಟ್ ಚಾನೆಲ್‌ಗಳಲ್ಲಿ ಮೀಮ್ ಹಾಕುವ ಮುಂಚೆ ಎರಡು ಸಲ ಯೋಚಿಸಿ. 2019ರಿಂದ ವೀಸಾ ಅರ್ಜಿಯಲ್ಲಿ ಐದು ವರ್ಷದ ಸೋಷಿಯಲ್ ಮೀಡಿಯಾ ಖಾತೆಗಳ ಹೆಸರು ಕೇಳುತ್ತಾರೆ. 2025ರಿಂದ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವವರು ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕು. ಹೆದರಿಸಲು ಹೇಳುತ್ತಿಲ್ಲ, ಗೊತ್ತಿರಲಿ ಅಂತ.

ತುಂಬಾ ಜನರಿಗೆ ಗೊತ್ತಿಲ್ಲದ್ದು ಹಣದ ವಿಷಯ. ಎಚ್-1ಬಿ (ಕೆಲಸದ್ದು), ಎಚ್-4 (ಅವರ ಕುಟುಂಬದವರದು), ಎಫ್-1 (ವಿದ್ಯಾರ್ಥಿಗಳದು) ಅಥವಾ ಪ್ರವಾಸಿ ವೀಸಾದಲ್ಲಿರುವವರು ಅಭ್ಯರ್ಥಿಗೆ ದೇಣಿಗೆ ಕೊಡುವಂತಿಲ್ಲ. ಐದು ಡಾಲರೂ ಇಲ್ಲ. ಭಾಷಣದ ಬಿಸಿಯಲ್ಲಿ ಫೋನಿಗೆ ಬರುವ ದೇಣಿಗೆ ಮೆಸೇಜುಗಳಿಗೆ ಲೆಕ್ಕವಿಲ್ಲ, ಒತ್ತಬೇಡಿ. ಪ್ರಚಾರ ಸಮಿತಿಯ ಅಧಿಕೃತ ಅಂಗಡಿಯಿಂದ ಟೋಪಿ, ಟೀ ಶರ್ಟ್ ಕೊಂಡರೂ ಕಾನೂನು ಅದನ್ನು ದೇಣಿಗೆ ಅಂತಲೇ ಎಣಿಸುತ್ತದೆ. ಗ್ರೀನ್ ಕಾರ್ಡ್ ಇದ್ದವರು ತಮ್ಮ ಸ್ವಂತ ದುಡ್ಡಿನಿಂದ ಕೊಡಬಹುದು. ಸಂಬಳವಿಲ್ಲದೆ ಸ್ವಯಂಸೇವೆ ಮಾಡಲು ವೀಸಾದವರಿಗೂ ಅಡ್ಡಿಯಿಲ್ಲ, ಆದರೆ ಖರ್ಚುವೆಚ್ಚದ ತೀರ್ಮಾನಗಳಲ್ಲಿ ಸೇರಬಾರದು.

ಮತ ಹಾಕುವುದು ಪ್ರಜೆಗಳು ಮಾತ್ರ. ಗ್ರೀನ್ ಕಾರ್ಡ್ ಬಂದು ಎಷ್ಟು ವರ್ಷ ಆಗಿದ್ದರೂ ಅಧ್ಯಕ್ಷರ ಚುನಾವಣೆಯಲ್ಲಿ ಮತ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ, ಅಂಗಡಿ ಮುಂದೆ ಕ್ಲಿಪ್‌ಬೋರ್ಡ್ ಹಿಡಿದು ನಿಂತವರ ಹತ್ತಿರ ಮತದಾರರ ನೋಂದಣಿ ಫಾರಂ ಇರುತ್ತದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ನೀವು ನಾನು ಪ್ರಜೆ ಅಲ್ಲ ಅಂತ ಹೇಳಿ ಮುಂದೆ ನಡೆಯಿರಿ. ತಿಳಿಯದೆ ಹಾಕಿದ ಒಂದು ಟಿಕ್‌ನಿಂದ ಮುಂದೆ ಪೌರತ್ವವೇ ಸಿಗದೆ ಹೋಗಬಹುದು, ಗಡಿಪಾರಿನವರೆಗೂ ಹೋಗಬಹುದು. ಇದರಲ್ಲಿ ಗೊತ್ತಿರಲಿಲ್ಲ ಅನ್ನುವ ಮಾತು ಅಷ್ಟಾಗಿ ನಡೆಯುವುದಿಲ್ಲ.

ಕೂಟದ ವಿಷಯವೂ ಒಂದಿದೆ. ನಮ್ಮ ಹೆಚ್ಚಿನ ಕನ್ನಡ ಕೂಟಗಳು ತೆರಿಗೆ ವಿನಾಯಿತಿ ಇರುವ 501(ಸಿ)(3) ಸಂಸ್ಥೆಗಳು. 1954ರ ಕಾನೂನಿನ ಪ್ರಕಾರ ಇಂಥ ಸಂಸ್ಥೆ ಯಾವ ಅಭ್ಯರ್ಥಿಯ ಪರವೂ, ವಿರುದ್ಧವೂ ನಿಲ್ಲಬಾರದು. ಹಾಗಾಗಿ ಕೂಟದ ಅಧಿಕೃತ ಗುಂಪಿನಲ್ಲಿ ಅಡ್ಮಿನ್ ನಿಮ್ಮ ವಿಡಿಯೋ ಅಳಿಸಿದರೆ ಅವರನ್ನು ಇನ್ನೊಂದು ಪಕ್ಷದವರು ಅಂತ ತಿಳಿಯಬೇಡಿ. ಜಗಳ ಆಡಲೇಬೇಕು ಅನ್ನುವವರಿಗೆ ಬೇರೆ ಗುಂಪುಗಳು ಬೇಕಾದಷ್ಟಿವೆ, ಸೇರಿಸಿ ಅಂತ ಕೇಳುವುದೇ ಬೇಡ, ಅವರೇ ಸೇರಿಸುತ್ತಾರೆ.

ಬೇಸಿಗೆಗೆ ಅಪ್ಪ ಅಮ್ಮ ಬಂದಿದ್ದರೆ ಅವರಿಗೂ ಒಂದು ಮಾತು ಹೇಳಿಡಿ. ಪಾರ್ಕಿನಲ್ಲಿ ಸಿಕ್ಕ ಅಪರಿಚಿತರ ಹತ್ತಿರ ನಮ್ಮ ಹಿರಿಯರು ಟ್ರಂಪ್, ಮೋದಿ ಎಲ್ಲಾ ಸೇರಿಸಿ ಮಾತು ಶುರು ಮಾಡುತ್ತಾರೆ. ಪಕ್ಕದ ಮನೆಯ ಹುಲ್ಲಿನ ಮೇಲೆ ನೆಟ್ಟ ಅಭ್ಯರ್ಥಿಯ ಫಲಕವನ್ನು ಮುಟ್ಟಬಾರದು ಅಂತ ಮಕ್ಕಳಿಗೆ ಹೇಳಿ, ಕಿತ್ತರೆ ಅದು ಅಪರಾಧ. ಆ ಫಲಕ ನೋಡಿ ನೆರೆಯವರನ್ನು ಅಳೆಯಲೂ ಬೇಡಿ. ನಮ್ಮ ಬೀದಿಯಲ್ಲಿ ಹಿಮ ಬಿದ್ದಾಗ ಮೊದಲು ಸಲಿಕೆ ತರುವವರ ಮನೆ ಮುಂದೆ ಯಾವ ಫಲಕ ಇತ್ತು ಅಂತ ನಾನು ಹೇಳುವುದಿಲ್ಲ.

ಪೌರತ್ವ ಬಂದವರಿಗೆ ನನ್ನ ಮಾತು ಬೇರೆ. ಪ್ರಮಾಣವಚನದ ದಿನ ಕೆಲವು ಕಡೆ ಅಲ್ಲೇ ನೋಂದಣಿಯ ಮೇಜು ಹಾಕಿರುತ್ತಾರೆ. ಮಿಠಾಯಿ ಹಂಚುವ ಮುಂಚೆ ಫಾರಂ ತುಂಬಿ. ಇಲಿನಾಯ್‌ನಲ್ಲಿ ಮತದಾನದ ದಿನವೂ ನೋಂದಾಯಿಸಬಹುದು, ಎಲ್ಲಾ ರಾಜ್ಯಗಳಲ್ಲಿ ಹಾಗಿಲ್ಲ, ನಿಮ್ಮ ರಾಜ್ಯದ ಕೊನೆಯ ದಿನ ನೋಡಿಕೊಳ್ಳಿ. 2024ರಲ್ಲಿ ಪಕ್ಕದ ವಿಸ್ಕಾನ್ಸಿನ್ ರಾಜ್ಯವನ್ನು ಟ್ರಂಪ್ ಗೆದ್ದದ್ದು 30 ಸಾವಿರಕ್ಕಿಂತ ಕಡಿಮೆ ಮತಗಳಿಂದ. ಭಾಷಣದ ಮರುದಿನ ಗುಂಪಿನಲ್ಲಿ ಉದ್ದುದ್ದ ಬರೆದ ಕೆಲವರು ನವೆಂಬರ್‌ನಲ್ಲಿ, ಅಂದು ಆನ್-ಕಾಲ್ ಇತ್ತು, ಹೋಗಲಾಗಲಿಲ್ಲ ಅಂದರು. ಮುಂಗಡ ಮತದಾನ ವಾರಗಟ್ಟಲೆ ನಡೆದಿತ್ತು.