ಘಾಟಿ ದಾರಿಗೆ ಫೋನ್ ತಯಾರು ಮಾಡಿಕೊಳ್ಳುವ ಕ್ರಮ

ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಗೂಗಲ್‌ನ ಎಐ ಸಹಾಯಕ ಜೆಮಿನಿಗೆ ಬೇಕು. ಮಲೆನಾಡಿನಲ್ಲಿ ಫೋನ್ ನಂಬಿ ಹೊರಡುವವರು ಮೊದಲು ತಿಳಿಯಬೇಕಾದದ್ದು ಇದು. ಉಪಗ್ರಹದ ಸಂಕೇತ ಕಾಡಿನ ನಡುವೆಯೂ ಸಿಗುತ್ತದೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಉತ್ತರ ತಯಾರಾಗುವುದು ಮಾತ್ರ ದೂರದ ಸರ್ವರ್‌ನಲ್ಲಿ. ಟವರ್ ತಪ್ಪಿದರೆ ಜೆಮಿನಿ ಸುಮ್ಮನಾಗುತ್ತದೆ. ಹಾಗಾಗಿ ಗಾಡಿ ಬಾಡಿಗೆಗೆ ಹೊರಡುವಾಗ ಕೇಳುವುದನ್ನೆಲ್ಲ ಪೇಟೆಯಲ್ಲೇ ಕೇಳಿ ಮುಗಿಸುತ್ತೇನೆ, ಘಾಟಿಗೆ ಬೇಕಾದದ್ದನ್ನು ಫೋನಿನೊಳಗೆ ತುಂಬಿಕೊಳ್ಳುತ್ತೇನೆ.

ತುಂಬಿಕೊಳ್ಳುವುದು ಹೀಗೆ. ಗೂಗಲ್ ಮ್ಯಾಪ್ಸ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ಚೌಕಟ್ಟು ಎಳೆದು ಡೌನ್‌ಲೋಡ್ ಮಾಡಬೇಕು. ಚೌಕಟ್ಟಿಗೆ ಶಿವಮೊಗ್ಗ ಜಿಲ್ಲೆಯಷ್ಟೇ ಸಾಲದು. ಘಾಟಿಯ ಕೆಳಗಿನ ಹೆಬ್ರಿ, ಕುಂದಾಪುರ, ಬೈಂದೂರು, ಹೊನ್ನಾವರವೂ ಬರಲಿ. ಆಗುಂಬೆ ಘಾಟಿ ಬಂದ್ ಆದರೆ ಹುಲಿಕಲ್ ಘಾಟಿ, ಅದೂ ಆಗದಿದ್ದರೆ ಕೊಲ್ಲೂರು ಕಡೆಯಿಂದ ಇಳಿಯಬಹುದು. ಆಫ್‌ಲೈನ್‌ನಲ್ಲಿ ಟ್ರಾಫಿಕ್ ಮಾಹಿತಿಯೂ ಇರುವುದಿಲ್ಲ, ಬದಲಿ ದಾರಿಯನ್ನೂ ತೋರಿಸುವುದಿಲ್ಲ. ಅದಕ್ಕೇ ಹುಲಿಕಲ್ ಮೇಲೆ ಹೋಗಬೇಕಿದ್ದರೆ ನೇರ ಕುಂದಾಪುರ ಎಂದು ಹಾಕದೆ ಮೊದಲು ಆ ದಾರಿಯ ಮಾಸ್ತಿಕಟ್ಟೆ ಹಾಕುತ್ತೇನೆ, ಅಲ್ಲಿಂದ ಮುಂದೆ ಕುಂದಾಪುರ.

ಹಳೇ ನಕ್ಷೆ ಇಟ್ಟುಕೊಂಡವರಿಗೆ ಎಚ್ಚರಿಕೆ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. ಅದಕ್ಕೂ ಮುಂಚೆ ಇಳಿಸಿಕೊಂಡ ನಕ್ಷೆ ಸೇತುವೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವೈಫೈ ಸಿಕ್ಕಾಗ ಅಪ್‌ಡೇಟ್ ಒತ್ತಿಬಿಡಿ. ಫೋನಿನ ಟೆಕ್ಸ್ಟ್-ಟು-ಸ್ಪೀಚ್ (ಬರಹ ಓದಿ ಹೇಳುವ) ಸೆಟ್ಟಿಂಗ್‌ನಲ್ಲಿ ಕನ್ನಡ ಧ್ವನಿಯನ್ನೂ ಆಗಲೇ ಇಳಿಸಿಕೊಳ್ಳಿ.

ನಮ್ಮ ಕಡೆ ನಿಜವಾದ ಕಷ್ಟ ಒಂಟಿ ಮನೆಗಳದ್ದು. ಅಡಿಕೆ ತೋಟದಾಚೆಯ ಮನೆಗೆ ರಸ್ತೆ ಹೆಸರಿಲ್ಲ, ನಂಬರಿಲ್ಲ. ಮನೆತನದ ಹೆಸರನ್ನು ಯಾವ ಎಐ ಕೂಡ ಹುಡುಕಿಕೊಡಲಾರದು. ಇದಕ್ಕೆ ನಾನು ಬಳಸುವುದು ಪ್ಲಸ್ ಕೋಡ್, ಅಂದರೆ ವಿಳಾಸದ ಬದಲು ಜಾಗ ಗುರುತಿಸುವ ಇಂಗ್ಲಿಷ್ ಅಕ್ಷರ-ಅಂಕಿಗಳ ಸಾಲು. ನಕ್ಷೆಯಲ್ಲಿ ಮನೆಯ ಅಂಗಳದ ಮೇಲೆ ಬೆರಳು ಒತ್ತಿ ಹಿಡಿದರೆ ಕೋಡ್ ಬರುತ್ತದೆ. ಹತ್ತು ಅಕ್ಷರದ ಪೂರ್ತಿ ಕೋಡ್ ಸುಮಾರು 14 ಮೀಟರ್ ಚೌಕವನ್ನು ಗುರುತಿಸುತ್ತದೆ, ಗೇಟು ಹುಡುಕಲು ಅಷ್ಟು ಸಾಕು. ಮ್ಯಾಪ್ಸ್ ತೋರಿಸುವುದು ಮೊದಲ ನಾಲ್ಕು ಅಕ್ಷರ ಬಿಟ್ಟು, ಹತ್ತಿರದ ಊರಿನ ಹೆಸರು ಸೇರಿಸಿದ ಗಿಡ್ಡ ರೂಪ. ನೆಟ್ ಇಲ್ಲದ ಕಡೆ ಆ ನಾಲ್ಕನ್ನೂ ಸೇರಿಸಿಯೇ ಹಾಕಬೇಕು. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೊಸನಗರ ಪೇಟೆಗಳಿಗೆ ಅದು 7ಜೆ5ಕ್ಯೂ. ಸಾಗರ, ಸೊರಬ, ಶಿಕಾರಿಪುರ ಪೇಟೆಗಳು 14ನೇ ಅಕ್ಷಾಂಶದ ಉತ್ತರಕ್ಕಿರುವುದರಿಂದ ಅಲ್ಲಿ 7ಜೆ6ಕ್ಯೂ. ಜೋಗ 75ನೇ ರೇಖಾಂಶದ ಪಶ್ಚಿಮಕ್ಕಿದೆ, ಅಲ್ಲಿಗೆ 7ಜೆ6ಪಿ. ಬಾಡಿಗೆ ಕರೆದವರಿಗೆ ಲೊಕೇಶನ್ ಲಿಂಕ್ ಜೊತೆ ಈ ಕೋಡನ್ನೂ ಕಳಿಸಲು ಹೇಳುತ್ತೇನೆ. ನೆಟ್ ಇಲ್ಲದಿದ್ದರೆ ಲಿಂಕ್ ತೆರೆಯದೇ ಹೋಗಬಹುದು, ಕೋಡ್ ಕಾಗದದ ಮೇಲೆ ಬರೆದಿದ್ದರೂ ನಡೆಯುತ್ತದೆ.

ಧ್ವನಿಯಲ್ಲಿ ಕೇಳುವಾಗ ಜಿಲ್ಲೆ ಅಥವಾ ತಾಲೂಕಿನ ಹೆಸರು ಮೊದಲು ಹೇಳಿ. ಬರೀ ‘ಸಾಗರ’ ಎಂದರೆ ಮಧ್ಯಪ್ರದೇಶದ ಸಾಗರವೂ ಬರಬಹುದು. ‘ನಗರ’ ಎಂದರೆ ಯಾವುದೋ ಪಟ್ಟಣವೆಂದುಕೊಳ್ಳುತ್ತದೆ, ‘ಹೊಸನಗರ ತಾಲೂಕು ಬಿದನೂರು ನಗರ’ ಎನ್ನಬೇಕು. ಜೆಮಿನಿ ಆ್ಯಪ್ 2024ರ ಜೂನ್‌ನಿಂದಲೇ ಕನ್ನಡದಲ್ಲಿದೆ; ಮ್ಯಾಪ್ಸ್ ನ್ಯಾವಿಗೇಶನ್ ಒಳಗೆ ಅದನ್ನು ಭಾರತಕ್ಕೆ ತರುವುದಾಗಿ ಗೂಗಲ್ ಪ್ರಕಟಿಸಿದ್ದು 2025ರ ನವೆಂಬರ್‌ನಲ್ಲಿ. ದಾರಿಯಲ್ಲಿ ಬಂಕ್, ಊಟ ಎಲ್ಲಿದೆ ಎಂಬ ಪ್ರಶ್ನೆಗೆ ಇದು ಬಹಳ ಅನುಕೂಲ. ಆದರೆ ಮಳೆಗಾಲದಲ್ಲಿ ‘ಆಗುಂಬೆ ಘಾಟಿ ತೆರೆದಿದೆಯೇ’ ಎಂದು ಕೇಳಿ ಬಂದ ಉತ್ತರದ ಮೇಲೆ ನಾನು ಗಾಡಿ ಹೊರಡಿಸುವುದಿಲ್ಲ. ಹಳೇ ಸುದ್ದಿಯನ್ನೂ ಅದು ಇವತ್ತಿನದೆಂಬಂತೆ ಹೇಳಬಲ್ಲದು. ಗುಡ್ಡ ಕುಸಿದಾಗ, ಭಾರಿ ವಾಹನ ತಡೆದಾಗ ಜಿಲ್ಲಾಧಿಕಾರಿಗಳ ಆದೇಶವೇ ಪ್ರಮಾಣ. ತೀರ್ಥಹಳ್ಳಿಯಲ್ಲಿ ನಿಂತು, ಎದುರಿಂದ ಬಂದ ಬಸ್ಸಿನವರನ್ನೂ ಒಂದು ಮಾತು ಕೇಳುತ್ತೇನೆ.

ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಮೇಲಿನ ರಸ್ತೆಯೂ ಕೆಳಗಿನದೂ ತೀರಾ ಹತ್ತಿರ. ದಟ್ಟ ಮರದಡಿ ಸಂಕೇತ ಬಂಡೆಗೆ ಬಡಿದು ತಿರುಗಿ ಬರುವುದರಿಂದ ನೀಲಿ ಚುಕ್ಕೆ ಪಕ್ಕದ ಸುತ್ತಿಗೆ ಜಿಗಿಯುತ್ತದೆ, ‘ತಿರುಗಿಸಿ’ ಎಂಬ ಮಾತು ತಡವಾಗುತ್ತದೆ. ಅಲ್ಲಿ ಧ್ವನಿ ನಿಲ್ಲಿಸಿ ಕಣ್ಣಿನಿಂದಲೇ ಓಡಿಸುವುದು ಕ್ಷೇಮ.

ಕಾರಿನಲ್ಲಿದ್ದಾಗ ಮ್ಯಾಪ್ಸ್‌ನ ಮೇಲಿನ ವಾಹನದ ಚಿಹ್ನೆ ಬೈಕಿನದ್ದಾಗಿ ಉಳಿದಿದೆಯೇ ನೋಡಿ. ಬೈಕ್ ದಾರಿ ಕಾರು ಹೋಗದ ಒಳದಾರಿಗೂ ನುಗ್ಗಿಸಬಹುದು. ಇಕ್ಕಟ್ಟಿನ ರಸ್ತೆ ತಪ್ಪಿಸುವ ಎಐ ಸೌಲಭ್ಯ 2024ರಲ್ಲಿ ಶುರುವಾದದ್ದು ಬೆಂಗಳೂರು, ಹೈದರಾಬಾದ್ ಸೇರಿ ಎಂಟು ನಗರಗಳಲ್ಲಿ. ಆ ಪಟ್ಟಿಯಲ್ಲಿ ಶಿವಮೊಗ್ಗ ಇರಲಿಲ್ಲ. ಹಾಗಾಗಿ ಡಾಂಬರು ಮುಗಿದು ಮಣ್ಣು ರಸ್ತೆ ಶುರುವಾದ ಕಡೆ ಇಳಿದು, ಮುಂದೆ ಗಾಡಿ ತಿರುಗಿಸಲು ಜಾಗವಿದೆಯೇ ನೋಡಿಯೇ ಒಳಗೆ ಹೋಗಬೇಕು.