ನಾಲ್ಕೆಲೆಯ ನೀರು ಗಿಡ ಟಬ್‌ನಲ್ಲಿ ಬೆಳೆಸೋದು ಹೀಗೆ

ಗಂಗಾವತಿ, ಸಿಂಧನೂರು ಕಡೆ ಭತ್ತದ ಗದ್ದೆಯವರಿಗೆ ಮಾರ್ಸಿಲಿಯಾ ಅನ್ನೋ ಈ ನಾಲ್ಕೆಲೆಯ ಗಿಡ ಸುಮ್ನೆ ಕಳೆ. ನನಗೆ ಮಾತ್ರ ಅದರ ಮೇಲೆ ಆಸೆ. ಒಂದೇ ತೊಟ್ಟಿನ ತುದಿಯಲ್ಲಿ ನಾಲ್ಕು ಎಲೆ, ಕತ್ತಲಾದರೆ ಕೈಮುಗಿದ ಹಾಗೆ ಮಡಚಿಕೊಳ್ಳುತ್ತವೆ. ಹೂವಿಗೆ ಕಾಯಬೇಡಿ, ಇದು ಹೂ ಬಿಡದ ಜರೀಗಿಡ (ಫರ್ನ್). ಬುಡದಲ್ಲಿ ಕಾಳಿನಂಥ ಗಟ್ಟಿ ಗಂಟು ಬಿಡುತ್ತದೆ, ಬೀಜದ ಬದಲು ಹೊಸ ಗಿಡ ಹುಟ್ಟಿಸುವ ಬೀಜಕಣ ಅದರೊಳಗೇ ಇರುತ್ತವೆ.

ನೆಡೋದು ಸುಲಭ. ಎರಡು ಮೂರು ಗೆಣ್ಣಿರುವ ಬಳ್ಳಿ ತುಂಡು ಸಾಕು. ತೂತಿಲ್ಲದ ಟಬ್‌ಗೆ ನಾಲ್ಕು ಇಂಚು ಎರೆ ಮಣ್ಣು ಹಾಕಿ, ಬಳ್ಳಿಯನ್ನು ಅಡ್ಡಡ್ಡ ಮಲಗಿಸಿ ಬೆರಳಿನಿಂದ ಒತ್ತಿ. ಬೇರು ಹಿಡಿಯೋವರೆಗೆ ಬರೀ ಕೆಸರು ಇರಲಿ, ಆಮೇಲೆ ಎರಡು ಇಂಚು ನೀರು ನಿಲ್ಲಿಸಿ. ನೀರು ಜಾಸ್ತಿಯಾದರೆ ಎಲೆ ತೇಲುತ್ತದೆ, ಕಡಿಮೆಯಾದರೆ ನೆಟ್ಟಗೆ ನಿಲ್ಲುತ್ತದೆ. ನನಗೆ ನಿಂತದ್ದೇ ಚೆಂದ. ಗೊಬ್ಬರ ಬೇಡ, ಪಾಚಿ ಕಟ್ಟುತ್ತದೆ. ಬಿಸಿಲು ಬೇಕು, ಆದರೆ ನಮ್ಮ ಏಪ್ರಿಲ್ ಬಿಸಿಲಲ್ಲಿ ಚಿಕ್ಕ ಟಬ್‌ನ ನೀರು ಕಾದುಬಿಡುತ್ತದೆ, ಮಧ್ಯಾಹ್ನ ನೆರಳು ಕೊಡಿ. ಸೊಳ್ಳೆಗೆ ಎರಡು ಗಪ್ಪಿ ಮೀನು ಬಿಡಿ.

ಮೂರೇ ಎಲೆ, ಬಾಯಿಗೆ ಹುಳಿ ಅಂದರೆ ಅದು ಬೇರೆ ಗಿಡ. ಗದ್ದೆಯಿಂದ ತಂದದ್ದನ್ನು ಸಾರಿಗೆ ಹಾಕಬೇಡಿ, ಕಳೆನಾಶಕ ಹೊಡೆದಿರುತ್ತಾರೆ. ಹೆಚ್ಚಾದ ಬಳ್ಳಿಯನ್ನು ಕಾಲುವೆಗೆ ಎಸೆಯಬೇಡಿ. ಪಕ್ಕದ ಗದ್ದೆಯವರು ಬೈತಾರೆ, ಅಲ್ವಾ?